ಒಂದೇ ಕೆಲಸ ಎರಡು ಸಲ: ಕಾಸರಗೋಡಿನ ಕನ್ನಡ ಟೀಚರುಗಳು ಹೊರೆ ಇಳಿಸಿಕೊಳ್ಳುವ ದಾರಿ

ನಾಲ್ಕು ಗಂಟೆಯ ಬೆಲ್ ಹೊಡೆದು ಮಕ್ಕಳು ಗೇಟು ದಾಟುವಷ್ಟರಲ್ಲಿ ಫೋನು ಟಿಣ್ ಅನ್ನುತ್ತದೆ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಮೂರು ಪುಟದ ಪಿಡಿಎಫ್ ಬಂದಿದೆ, ಪೂರ್ತಿ ಮಲಯಾಳದಲ್ಲಿ. ತಲೆಯ ಮೇಲೆ 'ವಳರೆ ಅಡಿಯಂತಿರಂ' ಎಂದು ಬರೆದಿದೆ, ಅಂದರೆ ತುಂಬ ತುರ್ತು. ನಾಳೆ ಹತ್ತು ಗಂಟೆಗೆ ಮುಂಚೆ ಎ.ಇ.ಒ. (ಉಪಜಿಲ್ಲೆಯ ಶಿಕ್ಷಣಾಧಿಕಾರಿ) ಆಫೀಸಿಗೆ ಮಾಹಿತಿ ಮುಟ್ಟಬೇಕು. (ಅಡಿಯಂತಿರಂ ಎಂದರೆ ಮಲಯಾಳದಲ್ಲಿ ಬೊಜ್ಜದ ಊಟ, ಅಂದರೆ ಸತ್ತವರ ಕ್ರಿಯೆಯ ಊಟ ಅಂತಲೂ ಅರ್ಥ ಉಂಟು. ಮಾರ್ಚ್ ತಿಂಗಳಲ್ಲಿ ನಮಗೆ ಎರಡೂ ಅರ್ಥ ಸರಿ ಅನಿಸುತ್ತದೆ.)

ನಾನು ಬದಿಯಡ್ಕದ ಕಡೆಯವಳು. ಮಲಯಾಳ ಮತ್ತು ಕನ್ನಡ ಎರಡೂ ಮಾಧ್ಯಮದ ಡಿವಿಷನ್ ಇರುವ ಶಾಲೆಯಲ್ಲಿ ಯು.ಪಿ. (ಐದರಿಂದ ಏಳನೇ ಕ್ಲಾಸು) ಮಕ್ಕಳಿಗೆ ಕಲಿಸುತ್ತ ಹತ್ತೊಂಬತ್ತು ವರ್ಷ ಆಯಿತು. ನಮ್ಮಜ್ಜನೂ ಮಾಸ್ಟ್ರೇ. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕೆಲಸಕ್ಕೆ ಸೇರಿದವರು, 1956ರ ನವೆಂಬರ್ 1ಕ್ಕೆ ಅದೇ ಶಾಲೆಯ ಅದೇ ಕುರ್ಚಿಯಲ್ಲಿ ಕೂತು ಕೇರಳದ ಮಾಸ್ಟ್ರಾದರು. ದುಬೈಗೋ ಮಸ್ಕತ್ತಿಗೋ ಹೋಗಿ ಭಾಷೆ ಕಲಿಸುವವರಿಗೆ ಪರದೇಶದ ಕಷ್ಟ ಇರುತ್ತದಂತೆ. ನಮಗೆ ಅಡಿಕೆ ತೋಟ ದಾಟದೆಯೇ ಅದು ಒದಗಿದೆ.

'ಕೆಲಸ ಜಾಸ್ತಿ' ಅಂದರೆ ಹಿರಿಯರು ಕಯ್ಯಾರ ಕಿಞ್ಞಣ್ಣ ರೈಗಳನ್ನು ತೋರಿಸುತ್ತಾರೆ. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ ಮಾಡಿದರು, ಕವಿತೆ ಬರೆದರು, ಬೇಸಾಯ ಮಾಡಿದರು, ಹೋರಾಟಕ್ಕೂ ಇಳಿದರು, ನೂರು ವರ್ಷ ಬಾಳಿದರು. ಕೈಮುಗಿಯುತ್ತೇನೆ. ಆದರೆ ಅವರ ಜೇಬಿನಲ್ಲಿ ವಾಟ್ಸ್‌ಆ್ಯಪ್ ಇರಲಿಲ್ಲ ಮಾರಾಯ್ರೆ.

ಈ ಬರಹ ಹೊಸದಾಗಿ ಸೇರಿದವರಿಗೆ, ಅದರಲ್ಲೂ ದಿನಗೂಲಿ ಲೆಕ್ಕದಲ್ಲಿ ಜುಲೈಯಲ್ಲಿ ಬಂದು ಆಗಸ್ಟಿನಲ್ಲೇ ಸುಸ್ತಾಗುವವರಿಗೆ.

ಮೊದಲು ಒಂದು ವಾರ ಲೆಕ್ಕ ಬರೆಯಿರಿ

ಏನನ್ನೂ ಬದಲಿಸಬೇಡಿ. ಡೈರಿಯ ಹಿಂದಿನ ಪುಟದಲ್ಲಿ ದಿನವೂ ಪಾಠದ ಹೊರಗೆ ಮಾಡಿದ ಕೆಲಸ ಮತ್ತು ಅದಕ್ಕೆ ಹಿಡಿದ ನಿಮಿಷ ಬರೆಯಿರಿ, ಸೋಮವಾರದಿಂದ ಶುಕ್ರವಾರದವರೆಗೆ. ನಾನು ಬರೆದ ವಾರದ ಒಂದು ದಿನ ಹೀಗಿತ್ತು: ಸುತ್ತೋಲೆ ಓದಿ ಅರ್ಥ ಮಾಡಿಕೊಳ್ಳಲು 35 ನಿಮಿಷ, ಪಿ.ಟಿ.ಎ. ನೋಟೀಸು ಕನ್ನಡಕ್ಕೆ ತರಲು 40, ವಿಜ್ಞಾನ ಕ್ಲಬ್ಬಿನ ರಸಪ್ರಶ್ನೆ ಕನ್ನಡಕ್ಕೆ ತರಲು 50, ನೋಟ್‌ಬುಕ್ ತಿದ್ದಲು 30, ನಾಳೆಯ ಪಾಠದ ತಯಾರಿಗೆ 10.

ಕೊನೆಯ ಅಂಕಿ ನೋಡಿ ನಾಚಿಕೆ ಆಯಿತು. ನನ್ನನ್ನು ಸುಸ್ತು ಮಾಡುತ್ತಿದ್ದದ್ದು ಪಾಠವಲ್ಲ, ಮಕ್ಕಳೂ ಅಲ್ಲ. ಮಲಯಾಳ ಡಿವಿಷನಿನ ಟೀಚರ್ ಒಮ್ಮೆ ಮಾಡಿ ಮುಗಿಸುವುದನ್ನು ನಾನು ಎರಡು ಸಲ ಮಾಡುತ್ತಿದ್ದೆ: ಮೊದಲು ಅರ್ಥ ಮಾಡಿಕೊಳ್ಳಲು, ಆಮೇಲೆ ಕನ್ನಡದಲ್ಲಿ ಹೊಸತಾಗಿ ಕಟ್ಟಲು. ಮುಂದಿನ ವರ್ಷ ಅದೇ ನೋಟೀಸು ಬಂದರೆ ಮತ್ತೆ ಎರಡು ಸಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಆ ಎರಡನೆಯ ಸಲವನ್ನು ತಪ್ಪಿಸುವ ಉಪಾಯ. ಬೆಳಗ್ಗೆ ಐದಕ್ಕೆ ಏಳುವ ಸಲಹೆ ನನ್ನಲ್ಲಿಲ್ಲ; ಐದಕ್ಕೆ ಹೇಗೂ ಏಳುತ್ತೇವೆ, ಹಟ್ಟಿಯಲ್ಲಿ ದನ ಉಂಟು.

ಪದಗಳ ನೋಟ್‌ಬುಕ್

ಇದೊಂದನ್ನೇ ಮಾಡಿದರೂ ಅರ್ಧ ಹೊರೆ ಇಳಿಯುತ್ತದೆ. ಅ, ಆ, ಇ ಎಂದು ಪುಟ ವಿಂಗಡಿಸಿದ ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಸುತ್ತೋಲೆಯಲ್ಲಿ ಹೊಸ ಪದ ಸಿಕ್ಕಿದ ಕೂಡಲೇ ಎಡಕ್ಕೆ ಮಲಯಾಳ ಪದ, ಬಲಕ್ಕೆ ನಮ್ಮ ಆಫೀಸು ಕನ್ನಡದ ಪದ. ಪೂರ್ತಿ ಗೊತ್ತಿಲ್ಲದ ಪದಗಳಿಗಿಂತ ಗೊತ್ತಿರುವಂತೆ ಕಾಣುವ ಪದಗಳನ್ನೇ ಮೊದಲು ಬರೆಯಿರಿ. ಗೊತ್ತಿಲ್ಲದ್ದನ್ನು ಕೇಳುತ್ತೇವೆ, ಗೊತ್ತಿದೆ ಅಂದುಕೊಂಡಿದ್ದನ್ನು ಯಾರಲ್ಲೂ ಕೇಳುವುದಿಲ್ಲ.

ನನ್ನದೇ ಕಥೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಕಲಿತದ್ದೆಲ್ಲ ಕನ್ನಡ ಮಾಧ್ಯಮ, ಕಾಲೇಜು ಮಂಗಳೂರು, ಮಲಯಾಳ ಅಂದರೆ ಬಸ್ಸು ಮತ್ತು ಮೀನು ಮಾರ್ಕೆಟಿನಲ್ಲಿ ಕಿವಿಗೆ ಬಿದ್ದಷ್ಟು. ಎಚ್.ಎಂ. ರಜೆಯಲ್ಲಿದ್ದರು. ಸಂಜೆ ಯಾರೋ ಫೋನ್ ಮಾಡಿ 'ನಾಳೆ ಪರಿಶೀಲನಂ ಉಂಡ್ ಟೀಚರೇ' ಎಂದರು. ಪರಿಶೀಲನೆ! ನಾನು ಏಳು ಗಂಟೆಯ ತನಕ ಶಾಲೆಯಲ್ಲೇ ಕೂತು ಅಡ್ಮಿಷನ್ ರಿಜಿಸ್ಟರ್, ಹಾಜರಿ, ಮಧ್ಯಾಹ್ನದ ಊಟದ ಅಕ್ಕಿ ಲೆಕ್ಕ ಎಲ್ಲ ಸರಿ ಮಾಡಿ, ಮೇಜಿಗೆ ಬಟ್ಟೆ ಹಾಸಿ ಬಂದೆ. ಮರುದಿನ ಯಾರೂ ಬರಲಿಲ್ಲ. ಹನ್ನೊಂದಕ್ಕೆ ಬಿ.ಆರ್.ಸಿ.ಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ) ಫೋನು: 'ಟೀಚರ್ ಎಂದೇ ವನ್ನಿಲ್ಲ?' ಟೀಚರ್ ಯಾಕೆ ಬರಲಿಲ್ಲ ಅಂತ. ಮಲಯಾಳದ ಪರಿಶೀಲನಂ ಎಂದರೆ ತರಬೇತಿ. ನಾನು ಹೋಗಬೇಕಾಗಿತ್ತು, ಅವರು ಬರಬೇಕಾಗಿದ್ದಲ್ಲ.

ಇಂಥವು ಇನ್ನೂ ಉಂಟು. 'ಅವಧಿ' ಎಂದರೆ ಅಲ್ಲಿ ರಜೆ, ನಮಗೆ ಕಾಲದ ಮಿತಿ. 'ಉತ್ತರವ್' ಉತ್ತರವಲ್ಲ, ಆದೇಶ. 'ಅಪೇಕ್ಷ' ಆಸೆಯಲ್ಲ, ಅರ್ಜಿ. 'ಯೋಗಂ' ಸಭೆ. 'ಅವಸರಂ' ಎಂದರೆ ಅವಕಾಶ, ಗಡಿಬಿಡಿ ಅಲ್ಲ. 'ನಿರ್ಬಂಧಮಾಯುಂ ಪಂಗೆಡುಕ್ಕಣಂ' ಎಂದು ಕಂಡರೆ ನಿರ್ಬಂಧ ಹಾಕಿದ್ದಾರೆ ಎಂದು ಮನೆಯಲ್ಲಿ ಕೂರಬೇಡಿ, ಕಡ್ಡಾಯವಾಗಿ ಭಾಗವಹಿಸಬೇಕು ಎಂದರ್ಥ. 'ಅನುವಾದಂ' ಎಂದರೆ ಅನುಮತಿ. ಪ್ರವಾಸಕ್ಕೆ 'ರಕ್ಷಿತಾವಿನ ಅನುವಾದಂ' ಬೇಕು ಎಂಬುದನ್ನು ಯಾರೋ ಅವಸರದಲ್ಲಿ (ನಮ್ಮ ಅವಸರದಲ್ಲಿ) 'ಪೋಷಕರ ಅನುವಾದ ತರಬೇಕು' ಎಂದು ಬರೆದು, ಅಪ್ಪನೊಬ್ಬರು 'ಟೀಚರ್, ಯಾವುದರ ಅನುವಾದ?' ಎಂದು ಶಾಲೆಗೇ ಬಂದಿದ್ದರು.

ಪರೀಕ್ಷೆಯ ಪದಗಳಿಗೆ ಬೇರೆಯೇ ಪುಟ ಇಡಿ. ಮಲಯಾಳದ 'ಉಪನ್ಯಾಸಂ' ಎಂದರೆ ಪ್ರಬಂಧ. ಪ್ರಶ್ನೆಪತ್ರಿಕೆಯಲ್ಲಿ ಅದು ಹಾಗೇ ಇಳಿದು 'ಉಪನ್ಯಾಸ ತಯಾರಿಸಿ' ಎಂದಾದರೆ, ಬುದ್ಧಿ ಇರುವ ಹುಡುಗ 'ಮಾನ್ಯ ಅಧ್ಯಕ್ಷರೇ' ಎಂದೇ ಶುರುಮಾಡುತ್ತಾನೆ. ಅವನಿಗೆ ಅಂಕ ಕಡಿಯಲು ನನಗೆ ಮನಸ್ಸು ಬರುವುದಿಲ್ಲ. ಕಲೋತ್ಸವದ (ಶಾಲಾ ಮಕ್ಕಳ ಕಲಾಸ್ಪರ್ಧೆಯ) ಪಟ್ಟಿಯ 'ಪ್ರಸಂಗಂ ಕನ್ನಡ' ಭಾಷಣ ಸ್ಪರ್ಧೆ. ನಮ್ಮೂರಿನ ಮಕ್ಕಳಿಗೆ ಪ್ರಸಂಗ ಎಂದ ಕೂಡಲೇ ಚೆಂಡೆ ಕೇಳಿಸುತ್ತದೆ, ಹೆಸರು ಕೊಡುವ ಮೊದಲೇ ತಿಳಿಸಿಬಿಡಿ. ಯಕ್ಷಗಾನಕ್ಕೆ ಪಟ್ಟಿಯಲ್ಲಿ ಬೇರೆಯೇ ಸಾಲು ಉಂಟು.

ಫೋನಿನ ಅನುವಾದ ಆ್ಯಪ್ ಬಳಸಬಾರದೇ? ಬಳಸಿ, ಸುತ್ತೋಲೆಯಲ್ಲಿ ಏನು ಕೇಳಿದ್ದಾರೆ ಎಂದು ತಿಳಿಯಲು ಅದು ಸಾಕು. ಆದರೆ ಪೋಷಕರ ಕೈಗೆ ಹೋಗುವ ಕಾಗದವನ್ನು ಅದರ ಮೇಲೆ ಬಿಡಬೇಡಿ. ನಿಮ್ಮ ನೋಟ್‌ಬುಕ್ ಪಕ್ಕದಲ್ಲಿಟ್ಟು ಈ ಹತ್ತು ಹದಿನೈದು ಪದಗಳನ್ನಾದರೂ ಒಂದೊಂದಾಗಿ ನೋಡಿ.

ಮಲಯಾಳ ಲಿಪಿ ಬಾರದವರು ತಿಂಗಳು ಕೊಟ್ಟು ಕಲಿತುಬಿಡಿ. ಅಜ್ಜನ ಪೆಟ್ಟಿಗೆಯಲ್ಲಿ ತುಳು ಲಿಪಿಯ ತಾಳೆಗರಿ ನೋಡಿದವರಿಗೆ ಅಕ್ಷರಗಳು ಅರ್ಧ ಪರಿಚಯವೇ ಇರುತ್ತವೆ. ಒಂದನೇ ಕ್ಲಾಸಿನ ಮಲಯಾಳ ಪುಸ್ತಕ ತೆಗೆದುಕೊಳ್ಳಿ, ಮಲಯಾಳ ಡಿವಿಷನಿನ ಮಗುವನ್ನೇ ಗುರು ಮಾಡಿಕೊಳ್ಳಿ. ಟೀಚರಿಗೆ ತಪ್ಪು ತಿದ್ದುವ ಖುಷಿಗೆ ಅವು ಮಧ್ಯಾಹ್ನದ ಆಟವನ್ನೂ ಬಿಡುತ್ತವೆ.

ಜೂನ್ ತಿಂಗಳ ಒಂದು ಹಾಳೆ

ಇಲಾಖೆ ಬೇರೆ ಬೇರೆ ಹೆಸರಿನಲ್ಲಿ ಕೇಳುವುದು ಹೆಚ್ಚು ಕಡಿಮೆ ಅದೇ ಮಾಹಿತಿ: ಕ್ಲಾಸುವಾರು ಮಕ್ಕಳೆಷ್ಟು, ಹುಡುಗರು ಹುಡುಗಿಯರು, ಜಾತಿ ವಿಭಾಗ, ಮನೆಮಾತು, ಊಟ ಮಾಡುವವರು, ಬ್ಯಾಂಕ್ ಖಾತೆ ಇರುವವರು. ಶಾಲೆ ಶುರುವಾಗಿ ಆರನೆಯ ಕೆಲಸದ ದಿನದ ತಲೆಎಣಿಕೆಯ ಮೇಲೆ ಡಿವಿಷನ್ ಮತ್ತು ಹುದ್ದೆ ನಿರ್ಧಾರವಾಗುತ್ತದಷ್ಟೆ. ಆ ದಿನದ ಸಂಜೆಯೇ ನಿಮ್ಮ ಕ್ಲಾಸಿನ ಎಲ್ಲ ಅಂಕಿ ಒಂದೇ ಹಾಳೆಯಲ್ಲಿ ಇಳಿಸಿ, ಮಕ್ಕಳ ವಿವರ ಇರುವ ಇಲಾಖೆಯ 'ಸಂಪೂರ್ಣ' ಪೋರ್ಟಲಿನ ಜೊತೆ ತಾಳೆ ನೋಡಿ, ಫೋಟೋ ತೆಗೆದು ಫೋನಿನಲ್ಲಿ ಇಡಿ. ಆಮೇಲೆ 'ಅಡಿಯಂತಿರಂ' ಬಂದರೆ ಬಸ್ಸಿನಲ್ಲಿ ಕೂತೇ ಉತ್ತರ ಕಳಿಸಬಹುದು. ಮಗು ಬಿಟ್ಟರೆ, ಸೇರಿದರೆ ಮಾತ್ರ ತಿದ್ದುಪಡಿ.

ಟೈಪಿಂಗಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಶಾಲೆಯ ಲ್ಯಾಪ್‌ಟಾಪುಗಳಲ್ಲಿ ಇರುವುದು ವಿಂಡೋಸ್ ಅಲ್ಲ, ಶಾಲೆಗಳ ಕಂಪ್ಯೂಟರ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ 'ಕೈಟ್' ಕೊಡುವ ಉಬುಂಟು. ಮನೆಯ ವಿಂಡೋಸಿನಲ್ಲಿ ನುಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಅಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಎಲ್ಲವನ್ನೂ ಯುನಿಕೋಡಿನಲ್ಲೇ ಟೈಪ್ ಮಾಡಿ, ಫೋನಿನಲ್ಲಿ ಮಾಡಿದರೂ ಆದೀತು. ಕಡತಕ್ಕೆ ವರ್ಷ, ತಿಂಗಳು, ವಿಷಯ ಸೇರಿಸಿ ಹೆಸರಿಡಿ: '2025 ಜೂನ್ ಪ್ರವೇಶೋತ್ಸವ ನೋಟೀಸು'. ಮುಂದಿನ ಜೂನಿನಲ್ಲಿ ತಾರೀಕು ಬದಲಿಸಿದರೆ ಮುಗಿಯಿತು. ಐದು ವರ್ಷದ ಹಿಂದೆ ಶುರುಮಾಡಿದೆ. ಈಗ ಓಣಂ ಆಚರಣೆ, ತಾಯಂದಿರ ಸಭೆ, ಸ್ಕಾಲರ್‌ಶಿಪ್ ಪರೀಕ್ಷೆಯ ಸೂಚನೆ, ಪ್ರವಾಸದ ಒಪ್ಪಿಗೆ ಪತ್ರ ಎಲ್ಲ ಸಿದ್ಧ ಇದೆ.

ಪಾಠವನ್ನು ಹಂಚಿಕೊಳ್ಳಿ

ನಿಮ್ಮ ಶಾಲೆಯಲ್ಲಿ ಕನ್ನಡಕ್ಕೆ ನೀವೊಬ್ಬರೇ ಇರಬಹುದು. ಉಪಜಿಲ್ಲೆಯಲ್ಲಿ ಒಬ್ಬರೇ ಅಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಕ್ಲಸ್ಟರ್ ಸಭೆಗೆ ಹೋದಾಗ ಅದೇ ಕ್ಲಾಸಿಗೆ ಅದೇ ಪುಸ್ತಕ ಕಲಿಸುವ ಐದಾರು ಮಂದಿ ಸಿಕ್ಕೇ ಸಿಗುತ್ತಾರೆ. ಚಾ ಕುಡಿಯುವಾಗ ಮಾತಾಡಿ, ಘಟಕಗಳನ್ನು ಹಂಚಿಕೊಳ್ಳಿ. ವರ್ಷಕ್ಕೆ ಮೂರು ಪರೀಕ್ಷೆ: ಓಣಂ, ಕ್ರಿಸ್ಮಸ್, ವಾರ್ಷಿಕ. ಓಣಂ ಪರೀಕ್ಷೆಯೊಳಗಿನ ಘಟಕಗಳ ಪಾಠಯೋಜನೆ ಒಬ್ಬರು, ವರ್ಕ್‌ಶೀಟ್ ಇನ್ನೊಬ್ಬರು, ಮಾದರಿ ಪ್ರಶ್ನೆ ಮತ್ತೊಬ್ಬರು.

ಗುಂಪಿಗೆ ಒಂದೇ ಕಟ್ಟುನಿಟ್ಟು ಇಡಿ: ಗುಡ್ ಮಾರ್ನಿಂಗ್, ಹೂವಿನ ಚಿತ್ರ ಬೇಡ. ನಮ್ಮ ಮೊದಲ ಗುಂಪು ಹೂವಿನಡಿಯಲ್ಲೇ ಮುಳುಗಿಹೋಯಿತು. ಎರಡನೆಯದು ನಾಲ್ಕೇ ಜನರದ್ದು, ಇನ್ನೂ ನಡೆಯುತ್ತಿದೆ. ಇಲಾಖೆಯ ಪಾಠ ಸಾಮಗ್ರಿಯ ಪೋರ್ಟಲ್ 'ಸಮಗ್ರ'ದಲ್ಲಿ ಮಲಯಾಳದಲ್ಲಿ ಸಿಗುವ ಒಳ್ಳೆಯ ಚಟುವಟಿಕೆಯನ್ನು ಯಾರಾದರೂ ಕನ್ನಡಕ್ಕೆ ತಂದರೆ ನಾಲ್ಕು ಶಾಲೆಗೆ ಸಿಗುತ್ತದೆ. ಅವರು ಮಾಡಿದ್ದು ನೀವು ಮಾಡುವಷ್ಟು ಚಂದ ಇರಲಿಕ್ಕಿಲ್ಲ. ಇರಲಿ ಬಿಡಿ.

ತಿದ್ದುವ ರಾಶಿ

ಕಾಸರಗೋಡಿನ ಕನ್ನಡ ಕ್ಲಾಸಿನಲ್ಲಿ ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುವ ಮಗು ಅಪರೂಪ. ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ, ಮಲಯಾಳ ಕೂತಿರುತ್ತದೆ. ಹಾಗಾಗಿ ನಾವು ಕಲಿಸುವುದು ಎಷ್ಟೋ ಮಕ್ಕಳಿಗೆ ಎರಡನೆಯ ಭಾಷೆಯನ್ನೇ. ಪಠ್ಯ ಮಾತ್ರ ಅದನ್ನು ಮಾತೃಭಾಷೆ ಅನ್ನುತ್ತದೆ. ಎಲ್ಲ ತಪ್ಪನ್ನೂ ಕೆಂಪು ಮಾಡುತ್ತ ಕೂತರೆ ರಾತ್ರಿ ಹತ್ತಾದರೂ ಮುಗಿಯದು, ಮಗುವೂ ಕಲಿಯದು.

ನಾನು ವಾರಕ್ಕೆ ಒಂದೇ ತಪ್ಪು ಹಿಡಿಯುತ್ತೇನೆ. ಬ್ಯಾರಿ ಮಾತಾಡುವ ಮಕ್ಕಳ ಬಾಯಲ್ಲಿ ಳ, ಣ ಇಲ್ಲ. ಬಾಳೆಹಣ್ಣು 'ಬಾಲೆಹನ್ನು' ಆಗುತ್ತದೆ. ಅದು ಅಜಾಗರೂಕತೆ ಅಲ್ಲ, ಆ ಭಾಷೆಯ ರಚನೆಯೇ ಹಾಗೆ. ಒಂದು ವಾರ ಳ ಮತ್ತು ಲ ಮಾತ್ರ. ಬೋರ್ಡಿನ ಮೂಲೆಯಲ್ಲಿ ಬಳೆ, ಬಲೆ, ಹಳ್ಳಿ, ಹಲ್ಲಿ. 'ಹಳ್ಳಿಯ ಗೋಡೆಯಲ್ಲಿ ಹಲ್ಲಿ' ಎಂದು ಎಲ್ಲರ ಬಾಯಲ್ಲೂ ಹೇಳಿಸಿದ ಮೇಲೆ ಆ ವಾರದ ನೋಟ್‌ಬುಕ್ಕಿನಲ್ಲಿ ಆ ತಪ್ಪಿಗೆ ಮಾತ್ರ ಗೆರೆ. ಉಳಿದದ್ದು ಕಣ್ಣಿಗೆ ಬಿದ್ದರೂ ಬಿಡುತ್ತೇನೆ. ಮೊದಮೊದಲು ಕೈ ತುರಿಸುತ್ತದೆ, ಅಭ್ಯಾಸವಾಗುತ್ತದೆ. ಮುಂದಿನ ವಾರ ಹವ್ಯಕ ಮಕ್ಕಳ 'ಆನು ಶಾಲೆಗೆ ಹೋದೆ' ಎಂಬಂಥವು. 'ಬರ್ಲಿಕ್ಕುಂಟು', 'ಹಸಿವಾಗ್ತದೆ' ಎಂಬುದಕ್ಕೆ ನಾನು ಯಾವ ವಾರವೂ ಗೆರೆ ಎಳೆಯುವುದಿಲ್ಲ. ಅದು ನಮ್ಮ ಕನ್ನಡ, ಬೆಂಗಳೂರಿಗೆ ಇಷ್ಟವಾಗದಿದ್ದರೆ ಅವರ ಪಾಡು.

ನಲವತ್ತು ನೋಟ್‌ಬುಕ್ಕನ್ನು ಒಂದೇ ಸಂಜೆ ಎದುರಿಸಬೇಡಿ. ಬೆಂಚು ಸಾಲಿನಂತೆ ದಿನಕ್ಕೆ ಹತ್ತು, ಮಧ್ಯಾಹ್ನ ಊಟ ಬಡಿಸಿ ಆದ ಮೇಲಿನ ಹದಿನೈದು ನಿಮಿಷದಲ್ಲಿ. ಚೀಲಕ್ಕೆ ಹಾಕಿ ಮನೆಗೆ ಒಯ್ದ ನೋಟ್‌ಬುಕ್ ಅದೇ ಚೀಲದಲ್ಲಿ ಹಾಗೇ ವಾಪಸು ಬರುವುದೇ ಹೆಚ್ಚು. ಹೆಗಲು ನೋವೊಂದೇ ಲಾಭ.

'ಇದೊನ್ನ್ ಕನ್ನಡತ್ತಿಲಾಕ್ಕಾಮೋ?'

'ಟೀಚರೇ, ಇದನ್ನೊಮ್ಮೆ ಕನ್ನಡಕ್ಕೆ ಮಾಡಬಹುದಾ?' ಸ್ಟಾಫ್ ರೂಮಿನ ಈ ಮಾತು ಎಂದೂ ಬೈಗುಳದ ಧಾಟಿಯಲ್ಲಿ ಬರುವುದಿಲ್ಲ. ಪ್ರೀತಿಯಿಂದಲೇ ಬರುತ್ತದೆ, ಆದ್ದರಿಂದಲೇ ಕಷ್ಟ. ಬ್ಯಾನರ್, ಸ್ವಾಗತ ಭಾಷಣ, ಕ್ರೀಡಾಕೂಟದ ಪ್ರಮಾಣವಚನ, ಆರೋಗ್ಯ ಇಲಾಖೆಯ ಡೆಂಗ್ಯೂ ಕರಪತ್ರ. ಅಕ್ಟೋಬರಿನಿಂದ ಕಲೋತ್ಸವ ಮುಗಿಯುವ ತನಕ ದಿನವೂ ಎರಡು ಮೂರು. ಕಂಠಪಾಠಕ್ಕೆ, ಭಾಷಣಕ್ಕೆ ಮಕ್ಕಳನ್ನು ತಯಾರು ಮಾಡುವುದೂ ನೀವೇ.

ಇಲ್ಲ ಅನ್ನಬೇಡಿ, ಯಾವಾಗ ಎಂದು ಹೇಳಿ. ನಾನು ಎಚ್.ಎಂ. ಹತ್ತಿರ ಹೋಗಿ ಹೀಗೆಂದೆ: 'ಸರ್, ಅನುವಾದದ ಕೆಲಸ ಬುಧವಾರ ಮತ್ತು ಶುಕ್ರವಾರ ಕೊನೆಯ ಪಿರಿಯಡಿನಲ್ಲಿ ಮಾಡಿಕೊಡುತ್ತೇನೆ. ಟೈಮ್‌ಟೇಬಲಿನಲ್ಲೇ ಬರೆದುಕೊಡಿ. ಬೇಕಾದವರು ಮಂಗಳವಾರ, ಗುರುವಾರ ಕಾಗದ ನನ್ನ ಮೇಜಿನಲ್ಲಿಡಲಿ.' ಅವರು ತಕ್ಷಣ ಒಪ್ಪಲಿಲ್ಲ. ಡೈರಿಯ ಆ ಹಿಂದಿನ ಪುಟ ತೋರಿಸಿದೆ. ಅಂಕಿ ನೋಡಿದವರು 'ಇತ್ರಯುಂ ಉಂಡೋ' ಎಂದು ಪೆನ್ನು ತೆಗೆದರು. ಇಷ್ಟೆಲ್ಲ ಉಂಟಾ ಎಂದು ಅವರಿಗೂ ಗೊತ್ತಿರಲಿಲ್ಲ.

ಮಾತಿಗೆ ಬಲ ಬೇಕಿದ್ದರೆ ಕಾನೂನೂ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ಕ್ಲಾಸಿನ ತನಕದ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಹೇಳುತ್ತದೆ, ಅದರಲ್ಲಿ ತಯಾರಿಯ ಗಂಟೆಗಳೂ ಸೇರಿವೆ. ಪಾಠಕ್ಕೆ ಬೇಕಾದ ಅನುವಾದವೂ ತಯಾರಿಯೇ ಎಂಬುದು ನನ್ನ ವಾದ. ಅದೇ ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನೇಮಿಸುವಂತಿಲ್ಲ. ಜಗಳಕ್ಕೆ ಇದನ್ನು ಎತ್ತಬೇಡಿ, ಆದರೆ ಡೆಂಗ್ಯೂ ಕರಪತ್ರ ಬಂದ ದಿನ ನೆನಪಿರಲಿ.

ಪೋಷಕರ ಅರ್ಜಿಯದ್ದು ಇನ್ನೊಂದು ಗಂಟು. 'ಟೀಚರ್, ನಿಮಗೆ ಮಲಯಾಳ ಬರ್ತದಲ್ಲ, ವಿಲೇಜ್ ಆಫೀಸಿಗೆ ಒಂದು ಅರ್ಜಿ ಬರೆದು ಕೊಡಿ' ಎಂದು ಶನಿವಾರ ಮನೆಗೇ ಬರುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅವರಿಗೆ ಅದನ್ನು ತಿಳಿಸಿ, ಒಂದು ಮಾದರಿ ಕನ್ನಡ ಅರ್ಜಿ ಕೊಟ್ಟು ಕಳಿಸಿ. ನೀವು ಮಲಯಾಳದಲ್ಲಿ ಬರೆದುಕೊಟ್ಟಷ್ಟು ದಿನ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ, ನಿಮ್ಮ ಶನಿವಾರವೂ ಹೋಗುತ್ತದೆ.

ಮಳೆ ಮತ್ತು ಗಂಟಲು

ಜೂನ್, ಜುಲೈಯ ಮಳೆ ಶೀಟಿನ ಮಾಡಿನ ಮೇಲೆ ಬೀಳುವಾಗ ಎದುರಿನ ಬೆಂಚಿಗೂ ನಿಮ್ಮ ಮಾತು ಕೇಳಿಸದು. ಅದರ ಜೊತೆ ಪೈಪೋಟಿಗೆ ಬಿದ್ದವರು ಓಣಂ ಹೊತ್ತಿಗೆ ಸ್ವರ ಕಳೆದುಕೊಂಡಿರುತ್ತಾರೆ. ಮಳೆಗೆಂದೇ ಒಂದು ಕಟ್ಟು ವರ್ಕ್‌ಶೀಟ್ ಕಪಾಟಿನಲ್ಲಿಡಿ: ನಕಲು ಬರೆಹ, ಚಿತ್ರ ನೋಡಿ ಐದು ವಾಕ್ಯ, ಪದಬಂಧ. ಮಳೆ ಜೋರಾದ ಕೂಡಲೇ ಹಂಚಿ, ನೀವು ಬೆಂಚಿನ ನಡುವೆ ನಡೆಯುತ್ತ ಅಲ್ಲೇ ತಿದ್ದಿ. ಆ ದಿನದ ಹತ್ತು ನೋಟ್‌ಬುಕ್ಕಿನ ಕೆಲಸವೂ ಅಲ್ಲೇ ಮುಗಿಯುತ್ತದೆ. ಸ್ಟೀಲ್ ಬಾಟ್ಲಿಯಲ್ಲಿ ಜೀರಿಗೆ ನೀರು ಸಾಕು.

ಕಲೆಕ್ಟರು ಮಳೆ ರಜೆ ಕೊಟ್ಟ ದಿನ ಶಾಲೆಯ ಕೆಲಸ ಮುಟ್ಟಬೇಡಿ. ಅದರ ಬದಲಿಗೆ ಶನಿವಾರ ಕ್ಲಾಸು ಬಂದರೂ ಬರಬಹುದು, ಆಗ ನೋಡಿಕೊಂಡರಾಯಿತು.

ಬಿಟ್ಟು ಹೋಗುವಾಗ

ವರ್ಗಾವಣೆ ಆಯಿತೋ, ದಿನಗೂಲಿಯ ಅವಧಿ (ಕನ್ನಡದ ಅವಧಿ) ಮುಗಿಯಿತೋ, ಮಾರ್ಚ್ ಕೊನೆಯಲ್ಲಿ ಮೂರು ವಸ್ತು ಮುಂದಿನವರಿಗೆ ಇಟ್ಟು ಹೋಗಿ: ಯುನಿಕೋಡ್ ನೋಟೀಸುಗಳ ಪೆನ್‌ಡ್ರೈವ್, ವರ್ಕ್‌ಶೀಟ್ ಕಟ್ಟು, ಪದಗಳ ನೋಟ್‌ಬುಕ್ಕಿನ ಜೆರಾಕ್ಸ್. ಕಳೆದ ಜುಲೈಯಲ್ಲಿ ಪೈವಳಿಕೆಯಿಂದ ಬಂದ ಹುಡುಗಿಯೊಬ್ಬಳು ನನ್ನ ಪಕ್ಕದ ಕ್ಲಾಸಿಗೆ ಸೇರಿದಳು. ಜೆರಾಕ್ಸ್ ಕೊಟ್ಟೆ. ಮೂರನೆಯ ದಿನ ನೋಟ್‌ಬುಕ್ ಹಿಡಿದುಕೊಂಡು ಬಂದು, 'ಅಕ್ಕಾ, ಇದರಲ್ಲಿ ಚೋದ್ಯಂ ಇಲ್ಲ' ಎಂದಳು. ಹೌದಲ್ಲ. ಮಲಯಾಳದಲ್ಲಿ ಅದು ಪ್ರಶ್ನೆ, ನಮಗೆ ಸೋಜಿಗ. ಹತ್ತೊಂಬತ್ತು ವರ್ಷ ದಿನವೂ ನೋಡುವ ಪದವಾದ್ದರಿಂದ ಬರೆಯಲು ನನಗೆ ಹೊಳೆದೇ ಇರಲಿಲ್ಲ. 'ಚ' ಪುಟದಲ್ಲಿ ಜಾಗ ಇತ್ತು, ಅವಳ ಕೈಯಲ್ಲೇ ಬರೆಸಿದೆ.